ರಾಜಿ ಇದೆ, ರಜಾಮಂದಿ ಎಲ್ಲಿದೆ?

ನಮ್ಮ ಭಾಗದ ಕನ್ನಡದಲ್ಲಿ 'ರಾಜಿ' ಎಂಬ ಮಾತಿಲ್ಲದೆ ಯಾವ ತಕರಾರೂ ಮುಗಿಯುವುದಿಲ್ಲ. ಹೊಲದ ಬದುವಿನ ಜಗಳವಿರಲಿ, ಗಂಡ ಹೆಂಡಿರ ವ್ಯಾಜ್ಯವಿರಲಿ, ಹಿರಿಯರು ಕುಳಿತು ರಾಜಿ ಮಾಡಿಸುತ್ತಾರೆ. ಇದು ಅರಬ್ಬಿ ಮೂಲದ ಮಾತು. ಫಾರಸಿ, ಉರ್ದುಗಳ ದಾರಿ ಹಿಡಿದು ಕನ್ನಡಕ್ಕೆ ಬಂದಿದೆ. ಉರ್ದುವಿನಲ್ಲಿ 'ರಾಜಿ' ಎಂದರೆ ಮನಸ್ಸಿಟ್ಟು ಒಪ್ಪಿದ ವ್ಯಕ್ತಿ. 'ರಜಾಮಂದಿ' ಎಂದರೆ ಆ ಒಪ್ಪಿಗೆ. ಕನ್ನಡದಲ್ಲಿ ಅದು ಎರಡು ಪಕ್ಷಗಳ ನಡುವಿನ ಇತ್ಯರ್ಥವಾಗಿ ನೆಲೆನಿಂತಿತು. ಒಬ್ಬರ ಮನಸ್ಸಿನ ಒಳಗಿನ ಮಾತು ಇಬ್ಬರು ಯಜಮಾನರ ನಡುವಿನ ಮಾತಾಯಿತು.

ಹದಿಹರೆಯದ ಹುಡುಗ ಹುಡುಗಿಯರ ವಿಷಯದಲ್ಲಿ ನಮ್ಮ ಮನೆ, ಜಮಾಅತು, ಪಂಚಾಯ್ತಿ, ಪೊಲೀಸ್ ಠಾಣೆ, ನ್ಯಾಯಾಲಯಗಳೆಲ್ಲ ಮಾಡುತ್ತಿರುವುದೂ ಇದನ್ನೇ. ಎಲ್ಲ ಕಡೆಯೂ ರಾಜಿಗೆ ಜಾಗವಿದೆ, ಶಿಕ್ಷೆಗೆ ಜಾಗವಿದೆ. ಆ ಹುಡುಗಿಯ ರಜಾಮಂದಿ ಏನಾಗಿತ್ತು, ಇತ್ತೋ ಇರಲಿಲ್ಲವೋ ಎಂದು ಕೇಳುವುದಕ್ಕೆ ಮಾತ್ರ ಜಾಗವಿಲ್ಲ. ಕಾನೂನಿನ ಸುಧಾರಣೆಯ ಮಾತು ಎಲ್ಲೆಡೆ ಕೇಳಿಬರುತ್ತಿರುವ ಈ ಹೊತ್ತಿನಲ್ಲಿ ಯಾದಗಿರಿ, ಶಹಾಪುರ, ಸುರಪುರಗಳ ನೆಲದಲ್ಲಿ ನಿಂತು ಈ ಕೊರತೆಯನ್ನು ನಾವು ನೋಡಬೇಕಾಗಿದೆ.

ಮೊದಲು ಕಾನೂನು ಏನು ಹೇಳುತ್ತದೆ ಎಂಬುದನ್ನು ನೋಡೋಣ. ಬ್ರಿಟಿಷರ 1860ರ ದಂಡಸಂಹಿತೆಯಲ್ಲಿ ಒಪ್ಪಿಗೆಯ ವಯಸ್ಸು ಹತ್ತು ವರ್ಷವಾಗಿತ್ತು. ಬಂಗಾಳದ ಫುಲಮಣಿ ಎಂಬ ಹುಡುಗಿ ಗಂಡನ ಬಲಾತ್ಕಾರಕ್ಕೆ ಸಿಕ್ಕಿ ಸತ್ತ ಮೇಲೆ ಎದ್ದ ಚರ್ಚೆಯ ಫಲವಾಗಿ 1891ರಲ್ಲಿ ಅದು ಹನ್ನೆರಡಕ್ಕೆ ಏರಿತು. 1925ರಲ್ಲಿ ಹದಿನಾಲ್ಕಾಯಿತು, ಆಮೇಲೆ ಹದಿನಾರಾಗಿ ಬಹುಕಾಲ ಅಲ್ಲೇ ನಿಂತಿತು. 2012ರ ನವೆಂಬರ್ 14ರಂದು ಪೋಕ್ಸೊ ಕಾಯ್ದೆ ಜಾರಿಗೆ ಬಂದಾಗ ಹದಿನೆಂಟು ತುಂಬದವರೆಲ್ಲ ಮಕ್ಕಳಾದರು. 2013ರಲ್ಲಿ ದಂಡಸಂಹಿತೆಯೂ ಅದನ್ನೇ ಒಪ್ಪಿತು. 2024ರ ಜುಲೈಯಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಹದಿನೆಂಟೇ ಇದೆ. ಹದಿನೇಳು ವರ್ಷ ಹನ್ನೊಂದು ತಿಂಗಳ ಹುಡುಗಿ 'ಹೌದು' ಎಂದರೂ ಅದು ಕಾನೂನಿನ ಕಿವಿಗೆ ಬೀಳುವುದಿಲ್ಲ.

ಶಿಕ್ಷೆಯೂ ಸಣ್ಣದಲ್ಲ. 2019ರ ತಿದ್ದುಪಡಿಯ ನಂತರ ಲೈಂಗಿಕ ಸಂಪರ್ಕದ ಅಪರಾಧಕ್ಕೆ ಕನಿಷ್ಠ ಹತ್ತು ವರ್ಷ. ಹುಡುಗಿ ಗರ್ಭಿಣಿಯಾದರೆ ಅಥವಾ ಸಂಪರ್ಕ ಒಂದಕ್ಕಿಂತ ಹೆಚ್ಚು ಸಲ ನಡೆದಿದ್ದರೆ ಅದು ಉಗ್ರ ಸ್ವರೂಪದ ಅಪರಾಧವಾಗಿ ಕನಿಷ್ಠ ಇಪ್ಪತ್ತು ವರ್ಷ. 'ಕನಿಷ್ಠ' ಎಂದು ಕಾನೂನೇ ಬರೆದ ಮೇಲೆ ನ್ಯಾಯಾಧೀಶರ ಕರುಣೆಗೆ ಅದರ ಕೆಳಗೆ ಇಳಿಯುವ ಮೆಟ್ಟಿಲಿಲ್ಲ.

ಇನ್ನೊಂದು ಕಾನೂನನ್ನು ಇದರ ಪಕ್ಕದಲ್ಲಿಟ್ಟು ಓದಿ. ದೆಹಲಿಯ 2012ರ ಭೀಕರ ಪ್ರಕರಣದಲ್ಲಿ ಒಬ್ಬ ಬಾಲಕನೂ ಇದ್ದನೆಂಬ ಆಕ್ರೋಶದಿಂದ ಬಾಲನ್ಯಾಯ ಕಾಯ್ದೆ ಬದಲಾಯಿತು. 2016ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯ ಹದಿನೈದನೇ ಕಲಮಿನ ಪ್ರಕಾರ, ಹದಿನಾರು ತುಂಬಿದ ಹುಡುಗ ಕನಿಷ್ಠ ಏಳು ವರ್ಷ ಶಿಕ್ಷೆಯಿರುವ 'ಘೋರ' ಅಪರಾಧದ ಆರೋಪ ಹೊತ್ತರೆ, ಬಾಲನ್ಯಾಯ ಮಂಡಳಿ ಅವನ ಮಾನಸಿಕ, ದೈಹಿಕ ಸಾಮರ್ಥ್ಯವನ್ನೂ ಪರಿಣಾಮವನ್ನು ಅರಿಯುವ ಶಕ್ತಿಯನ್ನೂ ಅಳೆಯಬೇಕು. ಅಳತೆಯಲ್ಲಿ ಅವನು ದೊಡ್ಡವನೆಂದು ಕಂಡರೆ ದೊಡ್ಡವರಂತೆಯೇ ವಿಚಾರಣೆ. ಪೋಕ್ಸೊದ ಹತ್ತು ವರ್ಷ, ಇಪ್ಪತ್ತು ವರ್ಷಗಳ ಅಪರಾಧಗಳೆಲ್ಲ ಈ 'ಘೋರ'ದ ಲೆಕ್ಕಕ್ಕೇ ಬರುತ್ತವೆ.

ಈಗ ಒಂದೇ ಕಾಲೇಜಿನಲ್ಲಿ ಓದುವ ಹದಿನೇಳರ ಹುಡುಗಿ, ಹದಿನೇಳರ ಹುಡುಗನನ್ನು ನೆನೆಯಿರಿ. ಪ್ರೀತಿಸುವುದಕ್ಕೆ ಹುಡುಗಿಗೆ ಬುದ್ಧಿ ಬಲಿತಿಲ್ಲ ಎಂದು ಒಂದು ಕಾನೂನು ಹೇಳುತ್ತದೆ. ಅದೇ ಪ್ರೀತಿಗಾಗಿ ಜೈಲು ಸೇರುವುದಕ್ಕೆ ಹುಡುಗನ ಬುದ್ಧಿ ಬಲಿತಿರಬಹುದು ಎಂದು ಇನ್ನೊಂದು ಕಾನೂನು ಹೇಳುತ್ತದೆ. ಇಬ್ಬರದೂ ಒಂದೇ ವಯಸ್ಸು, ಒಂದೇ ತರಗತಿ, ಬಹುಶಃ ಒಂದೇ ಬೆಂಚು. ಅವಳು ಮಗುವಾದರೆ ಅವನೂ ಮಗುವೇ ಅಲ್ಲವೇ? ಅವನಿಗೆ ಪರಿಣಾಮದ ಅರಿವಿದ್ದರೆ ಅವಳಿಗೆ ಏಕಿರಬಾರದು?

ನಮ್ಮ ಫಿಕ್ಹಿನ ಪರಂಪರೆಗೆ ಈ ತೊಡಕು ಹೊಸದಲ್ಲ. ಅಲ್ಲಿ 'ಬುಲೂಗ್' ಬೇರೆ, 'ರುಶ್ದ್' ಬೇರೆ. ಮೈ ನೆರೆಯುವುದು ಒಂದು, ವಿವೇಕ ಬಲಿಯುವುದು ಇನ್ನೊಂದು. ಅನಾಥ ಮಕ್ಕಳ ಆಸ್ತಿಯನ್ನು ಅವರ ಕೈಗೆ ಒಪ್ಪಿಸುವಾಗ ವಯಸ್ಸಷ್ಟೇ ಸಾಲದು, ವಿವೇಕವನ್ನೂ ಪರೀಕ್ಷಿಸಿ ನೋಡಬೇಕೆಂಬುದು ಕುರ್‌ಆನಿನ ಸೂಚನೆ. ಆಸ್ತಿ ಕೊಡುವಾಗ ಇಷ್ಟು ಎಚ್ಚರ ವಹಿಸಬೇಕೆಂದ ಪರಂಪರೆಯ ವಾರಸುದಾರರಾದ ನಾವು, ಹೆಣ್ಣುಮಕ್ಕಳ ಮದುವೆಯ ಮಾತು ಬಂದಾಗ ಬುಲೂಗಿನಲ್ಲೇ ನಿಂತುಬಿಡುತ್ತೇವೆ. ರುಶ್ದ್ ನಮಗೆ ನೆನಪಾಗುವುದಿಲ್ಲ. ಇತ್ತ ಸರಕಾರಕ್ಕೆ ರುಶ್ದ್ ನೆನಪಾಗುವುದು ಹುಡುಗನನ್ನು ಶಿಕ್ಷಿಸುವ ಹೊತ್ತಿನಲ್ಲಿ ಮಾತ್ರ.

ಸುರಪುರದವರಿಗೆ ಸರಕಾರದ ಈ ಎರಡು ಮುಖಗಳು ಚರಿತ್ರೆಯಲ್ಲೇ ಗೊತ್ತು. ರಾಜಾ ವೆಂಕಟಪ್ಪ ನಾಯಕ ಬಾಲಕನಾಗಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಂಡವನು ಮೆಡೋಸ್ ಟೇಲರ್. ಹುಡುಗ ಅವನನ್ನು 'ಅಪ್ಪಾ' ಎಂದೇ ಕರೆಯುತ್ತಿದ್ದ. 1853ರಲ್ಲಿ ಆಡಳಿತ ಅರಸನ ಕೈಗೆ ಬಂತು. 1858ರಲ್ಲಿ ಬಂಡೆದ್ದಾಗ ಆತ ಬಾಲಕನಾಗಿರಲಿಲ್ಲ, ಇಪ್ಪತ್ತರ ಆಚೆಯ ತರುಣ. ಮರಣದಂಡನೆಯಾಯಿತು. ನಂತರ ಅದನ್ನು ಇಳಿಸಿ ಕೊನೆಗೆ ಕೋಟೆಯೊಂದರಲ್ಲಿ ನಾಲ್ಕು ವರ್ಷದ ಸೆರೆ, ನಡತೆ ತಿದ್ದಿದರೆ ಮತ್ತೆ ಸಂಸ್ಥಾನ ಎಂದು ಗೊತ್ತುಮಾಡಿದರೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಸೆರೆಮನೆಯ ದಾರಿಯಲ್ಲೇ ಆ ತರುಣ ಗುಂಡೇಟಿನಿಂದ ಸತ್ತ. ಬಂಡಾಯವೆದ್ದ ಅರಸನಿಗೂ ಕಂಪನಿ ಸರಕಾರ ಕೊನೆಗೆ ನಾಲ್ಕು ವರ್ಷ ಮತ್ತು ಮರಳಿ ಬರುವ ಬಾಗಿಲು ಇಟ್ಟಿತ್ತು. ಅದೇ ಸುರಪುರದ ಹದಿನೇಳರ ಹುಡುಗನೊಬ್ಬ ದೊಡ್ಡವರ ವಿಚಾರಣೆಗೆ ಒಳಗಾಗಿ ಅಪರಾಧಿಯೆನಿಸಿದರೆ ನಮ್ಮ ಕಾನೂನಿನ ಲೆಕ್ಕ ಹತ್ತರಿಂದ, ಇಪ್ಪತ್ತರಿಂದ ಶುರುವಾಗುತ್ತದೆ.

ಹಾಗಾದರೆ ಪೋಕ್ಸೊ ಬೇಡವೇ? ಹಾಗೆನ್ನುವವರು 2025ರ ಆಗಸ್ಟ್ ತಿಂಗಳನ್ನು ನೆನಪಿಸಿಕೊಳ್ಳಬೇಕು. ಶಹಾಪುರದ ಸರಕಾರಿ ವಸತಿ ಶಾಲೆಯೊಂದರ ಶೌಚಾಲಯದಲ್ಲಿ ವಿದ್ಯಾರ್ಥಿನಿಯೊಬ್ಬಳು ಮಗು ಹೆತ್ತಳು. ತಿಂಗಳುಗಟ್ಟಲೆ ಅವಳ ಬಸಿರು ಅಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲವೆಂದರು. ಶಾಲೆಯ ಸಿಬ್ಬಂದಿ ಅಮಾನತಾದರು, ಪೋಕ್ಸೊ ಅಡಿ ಪ್ರಕರಣ ದಾಖಲಾಯಿತು. ಬಂಧಿತನಾದವನು ಸಹಪಾಠಿಯಲ್ಲ, ವಯಸ್ಕ. ಆರೋಪದ ನಿಜಾನಿಜಗಳನ್ನು ನ್ಯಾಯಾಲಯ ತೀರ್ಮಾನಿಸುತ್ತದೆ. ಆದರೆ ಇಂಥ ಮಕ್ಕಳಿಗಾಗಿಯೇ ಆ ಕಾಯ್ದೆ ಹುಟ್ಟಿದ್ದು. ಅಲ್ಲಿ 'ಅವಳೂ ಒಪ್ಪಿದ್ದಳಂತೆ' ಎಂಬ ಪಿಸುಮಾತಿಗೆ ಬೆಲೆ ಕೊಡಕೂಡದು. ವಯಸ್ಸಿನ ಅಂತರ, ಹಣ, ಅಧಿಕಾರ, ಭಯ ಇರುವಲ್ಲಿ ಒಪ್ಪಿಗೆಯೆಂಬುದು ಹೆಸರಿಗೆ ಮಾತ್ರ.

ನಮ್ಮ ತಕರಾರು ಇರುವುದು ಇಲ್ಲಿ. ಈ ವಯಸ್ಕನನ್ನೂ, ಆ ಬೆಂಚಿನ ಹುಡುಗನನ್ನೂ ಕಾನೂನು ಒಂದೇ ವಾಕ್ಯದಲ್ಲಿ ಬರೆಯುತ್ತದೆ. ಕಥೆ ಬರೆಯುವವರಾದ ನಮಗೆ ವಾಕ್ಯಗಳ ಮೇಲೆ ಸ್ವಲ್ಪ ಕಣ್ಣು ಹೆಚ್ಚು. ಠಾಣೆಯ ದೂರುಗಳ ಕನ್ನಡವನ್ನು ಗಮನಿಸಿ: ಹುಡುಗ 'ಪುಸಲಾಯಿಸಿ ಅಪಹರಿಸಿಕೊಂಡು ಹೋಗಿರುತ್ತಾನೆ'. ಆ ವಾಕ್ಯದಲ್ಲಿ ಕ್ರಿಯಾಪದಗಳೆಲ್ಲ ಹುಡುಗನವು. ಹುಡುಗಿಗೆ ಒಂದೂ ಕ್ರಿಯಾಪದವಿಲ್ಲ. ಅವಳು ಬಸ್ಸು ಹತ್ತಿದಳೇ, ಅತ್ತಳೇ, ನಕ್ಕಳೇ, ಹೆದರಿದಳೇ, ಬೇಡವೆಂದಳೇ? ಅವಳು ನಿಜವಾಗಿ ಬೇಡವೆಂದಿದ್ದರೂ ಆ ವಾಕ್ಯ ಅದನ್ನು ದಾಖಲಿಸುವುದಿಲ್ಲ. ನೊಂದವಳಿಗೂ ಒಲಿದವಳಿಗೂ ಒಂದೇ ವಾಕ್ಯವಿದ್ದರೆ ನಷ್ಟ ಇಬ್ಬರಿಗೂ. ಒಲಿದವಳ 'ಹೌದು' ಕೇಳದ ಕಿವಿ, ನೊಂದವಳ 'ಬೇಡ'ವನ್ನು ಕೇಳುವುದನ್ನೂ ಮರೆಯುತ್ತದೆ.

ಇಂಥ ಪ್ರಕರಣಗಳು ಎಲ್ಲೋ ಒಂದೆರಡು ಎಂದು ತಳ್ಳಿಹಾಕುವಂತಿಲ್ಲ. ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳಗಳ 2016ರಿಂದ 2020ರವರೆಗಿನ 7,064 ಪೋಕ್ಸೊ ತೀರ್ಪುಗಳನ್ನು ಓದಿ ನೋಡಿತು. ಅದರಲ್ಲಿ 1,715, ಅಂದರೆ ನಾಲ್ಕರಲ್ಲಿ ಒಂದು, ಪ್ರೀತಿಯ ಪ್ರಕರಣಗಳು. ಬಹುಪಾಲು ದೂರು ಕೊಟ್ಟವರು ಹುಡುಗಿಯ ಮನೆಯವರು. ನೂರಕ್ಕೆ ತೊಂಬತ್ತಮೂರಕ್ಕೂ ಹೆಚ್ಚು ಪ್ರಕರಣಗಳು ಖುಲಾಸೆಯಲ್ಲಿ ಮುಗಿದವು. ಖುಲಾಸೆಯಾಯಿತಲ್ಲ ಎಂದು ಸಮಾಧಾನಪಡುವ ಹಾಗಿಲ್ಲ. ಬಂಧನ, ಜಾಮೀನಿನ ಅಲೆದಾಟ, ವೈದ್ಯಕೀಯ ಪರೀಕ್ಷೆ, ಸಾಕ್ಷಿಕಟ್ಟೆ, ನಿಂತುಹೋದ ಓದು, ಇವೆಲ್ಲ ಮುಗಿದ ಮೇಲೆ ಬರುವ ಖುಲಾಸೆ ಅದು. ಮೇಲ್ಮನವಿಯೆಂದರೆ ಯಾದಗಿರಿಯಿಂದ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಮತ್ತೆ ಓಡಾಟ. ಕೂಲಿ ಬಿಟ್ಟು ಓಡಾಡುವ ತಂದೆಗೆ ಒಂದೊಂದು ತಾರೀಕೂ ಒಂದೊಂದು ದಿನದ ಉಪವಾಸ.

ಹುಡುಗಿಯ ಮನೆಯವರು ಠಾಣೆಗೆ ಹೋಗುವುದು ಯಾವಾಗ ಎಂಬುದನ್ನೂ ನೋಡಬೇಕು. ಹುಡುಗ ಅದೇ ಜಾತಿಯವನು, ಅನುಕೂಲಸ್ಥನಾಗಿದ್ದರೆ ಊರಲ್ಲೇ ರಾಜಿ. ಅವನು ದಲಿತನಾಗಿದ್ದರೆ, ಮುಸ್ಲಿಮನಾಗಿದ್ದರೆ, ಅಥವಾ ಹುಡುಗಿ ಮುಸ್ಲಿಮಳಾಗಿ ಹುಡುಗ ಬೇರೆಯವನಾಗಿದ್ದರೆ ಪೋಕ್ಸೊ. ಮಕ್ಕಳನ್ನು ಕಾಯಬೇಕಾದ ಕಾಯ್ದೆ ಜಾತಿಯ ಬೇಲಿಯನ್ನೂ ಧರ್ಮದ ಬೇಲಿಯನ್ನೂ ಕಾಯುವ ಕೆಲಸಕ್ಕೆ ನಿಂತುಬಿಡುತ್ತದೆ. ನಮ್ಮ ಹುಡುಗನ ಮೇಲೆ ಕೇಸಾದಾಗ ಅನ್ಯಾಯವೆಂದು ಕೂಗುವ ನಾವು, ನಮ್ಮ ಹುಡುಗಿ ಬೇರೆಯವನ ಜೊತೆ ಹೋದಾಗ ಅದೇ ಕಾಯ್ದೆಯ ಮೊರೆಹೋಗುವುದಿಲ್ಲವೇ? ಈ ಪ್ರಶ್ನೆಗೆ ಉತ್ತರಿಸದೆ ಕಾನೂನಿನ ಸುಧಾರಣೆ ಕೇಳುವ ನೈತಿಕ ಹಕ್ಕು ನಮಗೆ ದಕ್ಕುವುದಿಲ್ಲ.

ಇನ್ನು ವಯಸ್ಸಿನ ವಿಷಯ. ಹದಿನೆಂಟಕ್ಕೆ ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಎಂಬುದರ ಮೇಲೆ ಇಪ್ಪತ್ತು ವರ್ಷ ನಿಂತಿರುತ್ತದೆ. ಆದರೆ ನಮ್ಮ ಹಳ್ಳಿಗಳಲ್ಲಿ ಎಷ್ಟು ಮಕ್ಕಳ ಹುಟ್ಟಿದ ದಿನ ಜೂನ್ 1 ಎಂದು ಯಾವ ಶಾಲೆಯ ದಾಖಲಾತಿ ಪುಸ್ತಕ ತೆರೆದರೂ ಗೊತ್ತಾಗುತ್ತದೆ. ಮನೆಯಲ್ಲಿ ಹೆತ್ತು, ಮಳೆಗಾಲದ್ದೋ ಉರುಸಿನ ಹೊತ್ತಿನದೋ ಎಂದು ಮಾತ್ರ ನೆನಪಿಟ್ಟುಕೊಂಡ ತಾಯಂದಿರ ಮಕ್ಕಳಿಗೆ ಮೇಷ್ಟ್ರು ಬರೆದುಕೊಟ್ಟ ಜನ್ಮದಿನ ಅದು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಐವತ್ತೆರಡನ್ನೂ ಮುಟ್ಟಿರಲಿಲ್ಲ, ರಾಜ್ಯದಲ್ಲೇ ಕೊನೆ. ಬಾಲನ್ಯಾಯ ಕಾಯ್ದೆಯ 94ನೇ ಕಲಮು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಮೆಟ್ರಿಕ್ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಂಚಾಯ್ತಿ, ಪುರಸಭೆಯ ಜನನ ಪತ್ರ, ಅದೂ ಇಲ್ಲದಿದ್ದರೆ ಎಲುಬಿನ ಪರೀಕ್ಷೆ ಎಂಬ ಕ್ರಮ ಹೇಳುತ್ತದೆ. ಶಾಲೆಯ ವರ್ಗಾವಣೆ ಪತ್ರವೊಂದೇ ಇದಕ್ಕೆ ಸಾಲದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಮೇಷ್ಟ್ರು ಅಂದಾಜಿಗೆ ಬರೆದ ಒಂದು ತಾರೀಕು ಹುಡುಗನೊಬ್ಬನ ಇಪ್ಪತ್ತು ವರ್ಷವನ್ನು ನಿರ್ಧರಿಸುವುದು ನಮ್ಮ ಜಿಲ್ಲೆಯ ಮಟ್ಟಿಗೆ ಕಲ್ಪನೆಯ ಮಾತಲ್ಲ.

ನ್ಯಾಯಾಲಯಗಳಿಗೆ ಈ ಸಂಕಟ ಕಾಣದೆ ಇಲ್ಲ. 2022ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠದ ಮುಂದೆ ಒಂದು ಮೇಲ್ಮನವಿ ಬಂತು. ಹದಿನೇಳರ ಹುಡುಗಿ ಪ್ರೀತಿಸಿದವನ ಜೊತೆ ಹೋಗಿದ್ದಳು. ಪ್ರಕರಣ ಹೈಕೋರ್ಟ್ ತಲುಪುವ ಹೊತ್ತಿಗೆ ಇಬ್ಬರೂ ಮದುವೆಯಾಗಿ ಎರಡು ಮಕ್ಕಳಾಗಿದ್ದವು. ನ್ಯಾಯಮೂರ್ತಿಗಳಾದ ಸೂರಜ್ ಗೋವಿಂದರಾಜ್ ಮತ್ತು ಜಿ. ಬಸವರಾಜ ಅವರ ಪೀಠ ಹುಡುಗನ ಬಿಡುಗಡೆಯನ್ನು ಎತ್ತಿಹಿಡಿದು, ಹದಿನಾರು ತುಂಬಿದ ಹುಡುಗಿಯರ ವಿಷಯದಲ್ಲಿ ವಯಸ್ಸಿನ ಮಿತಿಯನ್ನು ಕಾನೂನು ಆಯೋಗ ಮರುಚಿಂತಿಸಬೇಕೆಂದಿತು. ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾನೂನಿನ ತಿಳಿವಳಿಕೆ ಕೊಡಬೇಕೆಂದೂ ಹೇಳಿತು. ಅದಕ್ಕೂ ಸ್ವಲ್ಪ ಮುಂಚೆ ಅದೇ ಹೈಕೋರ್ಟ್, ಹದಿನೇಳರ ಗರ್ಭಿಣಿ ಪತ್ನಿಯ ಪ್ರಕರಣದಲ್ಲಿ ಮುಸ್ಲಿಂ ಗಂಡನಿಗೆ ಜಾಮೀನು ಕೊಡುತ್ತಲೇ, ಪೋಕ್ಸೊ ಕಾಯ್ದೆ ವೈಯಕ್ತಿಕ ಕಾನೂನಿಗಿಂತ ಮೇಲೆಂದು ಸ್ಪಷ್ಟಪಡಿಸಿತ್ತು. ನಿಕಾಹ್ ಆಗಿದೆ ಎಂಬುದು ಇನ್ನು ರಕ್ಷಣೆಯಲ್ಲ. ಆಗಬಾರದು ಕೂಡ.

ಧಾರವಾಡದ ಮಾತು ಹಿಡಿದು ಕಾನೂನು ಆಯೋಗ 2023ರ ಸೆಪ್ಟೆಂಬರಿನಲ್ಲಿ ತನ್ನ 283ನೇ ವರದಿ ಕೊಟ್ಟಿತು. ವಯಸ್ಸು ಹದಿನೆಂಟೇ ಇರಲಿ, ಹದಿನಾರರಿಂದ ಹದಿನೆಂಟರವರ ಪ್ರೀತಿಯ ಪ್ರಕರಣಗಳಲ್ಲಿ ಶಿಕ್ಷೆ ಇಳಿಸುವ ವಿವೇಚನೆ ನ್ಯಾಯಾಧೀಶರಿಗಿರಲಿ ಎಂಬುದು ಅದರ ಸಲಹೆ. ವಯಸ್ಸಿನ ಅಂತರ ಮೂರು ವರ್ಷಕ್ಕಿಂತ ಹೆಚ್ಚಿದೆಯೇ ಎಂಬುದನ್ನೂ ನೋಡಬೇಕೆಂದಿತು. ವಯಸ್ಸು ಇಳಿಸಿದರೆ ಬಾಲ್ಯವಿವಾಹಕ್ಕೂ ಮಕ್ಕಳ ಸಾಗಣೆಗೂ ದಾರಿಯಾಗುತ್ತದೆ ಎಂಬ ಆಯೋಗದ ಭಯ ಸುಳ್ಳಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ಶಾಲೆ ಬಿಡುವ, ತಂದೆತಾಯಿ ಗುಳೆ ಹೋದಾಗ ಅಜ್ಜಿಯ ಜೊತೆ ಉಳಿಯುವ ನಮ್ಮ ಭಾಗದ ಹುಡುಗಿಯರ ಬಾಳು ಬಲ್ಲವರಿಗೆ ಆ ಭಯ ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಆಯೋಗದ ಮದ್ದು ಕೊನೆಯ ದಿನಕ್ಕೆ ಸಿಗುವ ಮದ್ದು. ಬಂಧನವಾಗಿ, ವಿಚಾರಣೆಯಾಗಿ, ಅಪರಾಧಿಯೆಂದು ತೀರ್ಮಾನವಾದ ಮೇಲೆ ಮಾತ್ರ ಕರುಣೆ.

ಸುಪ್ರೀಂ ಕೋರ್ಟಿನ ಮುಂದೆ ಬಂದ ಪಶ್ಚಿಮ ಬಂಗಾಳದ ಪ್ರಕರಣ ಇನ್ನೂ ಕಠಿಣವಾದುದು. ಅಲ್ಲಿ ಹುಡುಗಿಗೆ ಹದಿನಾಲ್ಕು, ಅವನಿಗೆ ಇಪ್ಪತ್ತೈದು. 2024ರ ಆಗಸ್ಟಿನಲ್ಲಿ ಅಪರಾಧ ಎತ್ತಿಹಿಡಿದ ನ್ಯಾಯಾಲಯ, 2025ರ ಮೇ ತಿಂಗಳಲ್ಲಿ ಅವನಿಗೆ ಶಿಕ್ಷೆ ವಿಧಿಸಲಿಲ್ಲ. ಅಪರಾಧಕ್ಕಿಂತ ಅದರ ನಂತರ ಕಾನೂನಿನ ದಾರಿಯಲ್ಲಿ ಅನುಭವಿಸಿದ್ದೇ ಆಕೆಯನ್ನು ಹೆಚ್ಚು ನೋಯಿಸಿತೆಂದು ತಜ್ಞರ ಸಮಿತಿ ಕಂಡುಕೊಂಡಿತ್ತು. ಇಷ್ಟು ಅಂತರವಿರುವ ಸಂಬಂಧವನ್ನು ಹದಿಹರೆಯದ ಪ್ರೀತಿಯೆಂದು ನಾವು ಸಮರ್ಥಿಸಲಾರೆವು. ಆದರೆ ಆಕೆಗೆ ಏನು ಬೇಕೆಂದು ಕೇಳುವುದಕ್ಕೆ ದೇಶದ ಕಟ್ಟಕಡೆಯ ನ್ಯಾಯಾಲಯದವರೆಗೆ ಹೋಗಬೇಕಾಯಿತು ಎಂಬುದನ್ನು ಮರೆಯುವಂತಿಲ್ಲ.

ಇಲ್ಲಿ ನಾವು ಎಚ್ಚರದಿಂದ ನೋಡಬೇಕಾದ ಇನ್ನೊಂದು ಸಂಗತಿಯಿದೆ. ಹೈಕೋರ್ಟುಗಳು ಪ್ರಕರಣ ರದ್ದು ಮಾಡುವಾಗ ಮತ್ತೆ ಮತ್ತೆ ಕೊಡುವ ಕಾರಣ, ಇಬ್ಬರೂ ಈಗ ಮದುವೆಯಾಗಿದ್ದಾರೆ, ಮಗುವಿದೆ ಎಂಬುದು. ಕರುಣೆಯೇನೋ ನಿಜ. ಆದರೆ ಅದರ ಅರ್ಥ ಊರಿಗೆ ಹೇಗೆ ತಲುಪುತ್ತದೆ? ಕೇಸಿನಿಂದ ಪಾರಾಗಬೇಕಾದರೆ ಮದುವೆ ಮಾಡಿಬಿಡಿ ಎಂದು. ಪ್ರೀತಿ ಮುಗಿದ ಹುಡುಗಿ, ಮೋಸಹೋದ ಹುಡುಗಿ, ಓದಬೇಕೆನ್ನುವ ಹುಡುಗಿಗೆ ಆಗ ಉಳಿಯುವ ದಾರಿ ಯಾವುದು? ಮದುವೆಯೇ ಜಾಮೀನಾದರೆ, ಆ ಜಾಮೀನಿಗೆ ಅಡವು ಅವಳ ಬದುಕು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯಲ್ಲಿ ನಾದಿರಾಳ ಮದುವೆಯನ್ನೂ ತಲಾಖನ್ನೂ ತೀರ್ಮಾನಿಸುವವರು ಬೇರೆಯವರು. ನಾಲ್ಕು ದಶಕಗಳ ನಂತರವೂ ಆ ಕಾದಂಬರಿ ಹಳೆಯದಾಗಿಲ್ಲವೆಂದರೆ ಹೆಮ್ಮೆಪಡಬೇಕಾದವರು ನಾವಲ್ಲ.

ಇದೆಲ್ಲ ದೆಹಲಿಯವರು ಮಾಡಬೇಕಾದ ಕಾನೂನು, ರಾಜ್ಯ ಏನು ಮಾಡೀತು ಎಂದು ಕೈಚೆಲ್ಲುವವರಿಗೆ ಕರ್ನಾಟಕದ್ದೇ ಉದಾಹರಣೆಯಿದೆ. ದೇಶದ ಕಾಯ್ದೆಯಲ್ಲಿ ಬಾಲ್ಯವಿವಾಹ ಸಾಮಾನ್ಯವಾಗಿ ರದ್ದುಪಡಿಸಬಹುದಾದ ಮದುವೆ ಮಾತ್ರ. ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿಯ ವರದಿಯ ನಂತರ ನಮ್ಮ ರಾಜ್ಯ 2016ರ ತಿದ್ದುಪಡಿಯ ಮೂಲಕ ಅದನ್ನು ಮೊದಲಿನಿಂದಲೇ ಅಸಿಂಧು ಎಂದು ಮಾಡಿತು. ಅಪರಾಧ ಕಾನೂನು ಕೇಂದ್ರ, ರಾಜ್ಯ ಎರಡರ ಸಮವರ್ತಿ ಪಟ್ಟಿಯಲ್ಲಿದೆ. ವಿಧಾನಮಂಡಲ ತಿದ್ದುಪಡಿ ಮಾಡಿ ರಾಷ್ಟ್ರಪತಿಯ ಅಂಕಿತ ಪಡೆದರೆ ಅದು ಆ ರಾಜ್ಯದಲ್ಲಿ ನಡೆಯುತ್ತದೆ. ಬಾಲ್ಯವಿವಾಹದಲ್ಲಿ ತೋರಿದ ಧೈರ್ಯವನ್ನು ಕರ್ನಾಟಕ ಇಲ್ಲೂ ತೋರಬಹುದು.

ತಿದ್ದುಪಡಿ ಹೇಗಿರಬೇಕು? ಹದಿನಾರು ತುಂಬಿದ ಹುಡುಗಿ ಮತ್ತು ಅವಳಿಗಿಂತ ಮೂರು ವರ್ಷಕ್ಕಿಂತ ಹೆಚ್ಚು ದೊಡ್ಡವನಲ್ಲದ ಹುಡುಗನ ನಡುವೆ ಒತ್ತಾಯವಿಲ್ಲದೆ ನಡೆದುದು ಅಪರಾಧವಾಗಕೂಡದು. ಶಿಕ್ಷಕ, ವಾರ್ಡನ್, ಬಂಧು, ಕೆಲಸ ಕೊಡುವ ಧಣಿ, ಧರ್ಮಗುರು, ಅಂದರೆ ಅವಳ ಮೇಲೆ ಅಧಿಕಾರವಿರುವ ಯಾರಿಗೂ ಈ ವಿನಾಯಿತಿ ಸಲ್ಲಕೂಡದು. ಮದುವೆಯಾಗುವುದು ವಿನಾಯಿತಿಯ ಷರತ್ತಾಗಕೂಡದು. ಕೆನಡಾದಲ್ಲಿ ಇಂಥ ನಿಯಮ ಬಹುಕಾಲದಿಂದ ಇದೆ, ಅಧಿಕಾರಸ್ಥರನ್ನು ಅದು ಹೊರಗಿಟ್ಟಿದೆ. ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯ 2013ರಲ್ಲಿ, ಹದಿಹರೆಯದವರ ಪರಸ್ಪರ ಒಪ್ಪಿಗೆಯ ಸಂಬಂಧವನ್ನು ಅಪರಾಧವಾಗಿಸುವುದು ಮಕ್ಕಳ ಘನತೆಗೇ ಕುಂದು ಎಂದು ತೀರ್ಪಿತ್ತಿತು. ಇನ್ನು ಹುಡುಗನೂ ಹದಿನೆಂಟರ ಒಳಗಿದ್ದಾಗ ಇಂಥ ಪ್ರಕರಣಗಳಲ್ಲಿ ಅವನನ್ನು ದೊಡ್ಡವನೆಂದು ಅಳೆಯುವ ಹದಿನೈದನೇ ಕಲಮು ಅನ್ವಯವಾಗಕೂಡದು.

ಕಾನೂನು ಬದಲಾಗುವವರೆಗೆ ಕಾಯದೆ ಮಾಡಬಹುದಾದ ಕೆಲಸಗಳೂ ಇವೆ. ಪೋಕ್ಸೊ ಪ್ರಕಾರ ವಿಷಯ ತಿಳಿದ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಈ ಭಯದಿಂದ ಬಸುರಿ ಹುಡುಗಿಯರು ಆಸ್ಪತ್ರೆಯ ಕಡೆ ಸುಳಿಯುವುದಿಲ್ಲ. ಗರ್ಭಪಾತಕ್ಕೆ ಬಂದ ಅಪ್ರಾಪ್ತೆಯೂ ಅವಳ ಪೋಷಕರೂ ಕೇಳಿಕೊಂಡರೆ ಅವಳ ಗುರುತನ್ನು ವೈದ್ಯರು ಬಹಿರಂಗಪಡಿಸಬೇಕಾಗಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರಿನಲ್ಲೇ ಹೇಳಿದೆ. ಈ ಮಾತು ಸುರಪುರದ, ಶಹಾಪುರದ ಎಷ್ಟು ತಾಯಂದಿರಿಗೆ ತಲುಪಿದೆ? ಆಶಾ ಕಾರ್ಯಕರ್ತೆಯರು, ವಸತಿ ಶಾಲೆಗಳು, ನಮ್ಮ ಮದರಸಾಗಳು, ಜುಮ್ಮಾದ ಭಾಷಣಗಳು ಇದನ್ನು ತಲುಪಿಸಬಲ್ಲವು. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಯಾದಗಿರಿ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು. ಶಾಲೆಯಿಂದ ಹೊರಬಿದ್ದ ಹುಡುಗಿಗೆ ನಮ್ಮಲ್ಲಿ ಕಾದಿರುವುದು ಹೊಲ ಅಥವಾ ಮದುವೆ. ಹದಿನೆಂಟರವರೆಗೆ ಅವಳನ್ನು ಮಗುವೆಂದು ಕಾಯುವ ಇರಾದೆ ಸರಕಾರಕ್ಕೆ ನಿಜವಾಗಿ ಇದ್ದರೆ ಆ ಕಾಯುವಿಕೆ ಶುರುವಾಗಬೇಕಾದದ್ದು ಅವಳ ಶಾಲೆಯಲ್ಲಿ.

ನಿಕಾಹಿನ ಹೊತ್ತಿನಲ್ಲಿ ವಕೀಲರೂ ಸಾಕ್ಷಿಗಳೂ ಹೆಣ್ಣಿನ ಬಳಿ ಹೋಗಿ ಒಪ್ಪಿಗೆ ಕೇಳಬೇಕೆಂಬುದು ನಮ್ಮಲ್ಲಿ ನಿಯಮ. ಅದು ಎಷ್ಟು ಮನೆಗಳಲ್ಲಿ ನಿಜವಾದ ಪ್ರಶ್ನೆಯಾಗಿ ಉಳಿದಿದೆ, ಎಷ್ಟು ಮನೆಗಳಲ್ಲಿ ಬರಿಯ ಶಾಸ್ತ್ರವಾಗಿದೆ ಎಂಬುದು ನಮ್ಮ ಮನೆಯ ಹೆಂಗಸರಿಗೆ ಗೊತ್ತು. ಕಾನೂನನ್ನು ತಿದ್ದುವುದು ಶಾಸಕರ ಕೆಲಸ. ಆ ಪ್ರಶ್ನೆಯನ್ನು ಮತ್ತೆ ನಿಜವಾದ ಪ್ರಶ್ನೆ ಮಾಡುವುದು, ಅವಳು 'ಇಲ್ಲ' ಎಂದಾಗಲೂ ಕೇಳಿಸಿಕೊಳ್ಳುವುದು ನಮ್ಮ ಕೆಲಸ. ಅದಕ್ಕೆ ಯಾವ ರಾಷ್ಟ್ರಪತಿಯ ಅಂಕಿತವೂ ಬೇಕಾಗಿಲ್ಲ.